ಎಳೆ ಹರಿದ ಸದ್ದು

“ಗುರುಗಳೇ, ಒಂದು ಒಗಟು. ತಲೆಯೊಳಗೆ ಹುಟ್ಟುವಾಗ ಅದಕ್ಕೆ ಸದ್ದಿಲ್ಲ. ಯಂತ್ರ ಬರೆದರೆ ಗೆರೆ, ಯಂತ್ರ ನುಡಿಸಿದರೆ ಸದ್ದು. ಆ ಸದ್ದಿನಲ್ಲಿ ಕೇಳಿಸಿದ್ದು ತಲೆಯಲ್ಲಿ ಇದ್ದದ್ದೋ, ಕಿವಿ ಹುಟ್ಟಿಸಿಕೊಂಡದ್ದೋ?”

ಶಿಷ್ಯ ಗಿರಿಮಲ್ಲ ಹೀಗೆ ಕೇಳಿದ್ದು ಗುರುವನ್ನು ಸಿಕ್ಕಿಸಲೆಂದೇ. ಉತ್ತರ ಅವನಿಗೂ ಗೊತ್ತಿರಲಿಲ್ಲ. ಗುರುಗಳು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿಗೆ ಆಗಾಗ ಅರೆಗಳಿಗೆ ಅರಿವು ತಪ್ಪುತ್ತಿತ್ತು. ಎರಡು ಸಲ ಒಲೆಯ ಮುಂದೆ ಕೈ ಸುಟ್ಟುಕೊಂಡಳು. ಮೂರನೆಯ ಸಲ ಬರೀ ಕೈಗೇ ನಿಲ್ಲುತ್ತದೆಂಬ ಭರವಸೆ ಇರಲಿಲ್ಲ. ಒಬ್ಬ ವೈದ್ಯ ಆಕೆಯ ತಲೆಗೆ ತಂತಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಮಿದುಳಿನ ಅಲೆಗಳನ್ನು ಬರೆಸಿದ. ಗೆರೆಗಳ ಕಾಡು. ನೋಡಿ ನೋಡಿ ಕಣ್ಣು ಸೋತಿತು, ರೋಗ ಸಿಗಲಿಲ್ಲ. ಕೊನೆಗೆ ಗೆರೆಗಳನ್ನು ಸದ್ದಾಗಿಸಿ, ಇಡೀ ದಿನವನ್ನು ಹತ್ತು ನಿಮಿಷಕ್ಕೆ ಇಳಿಸಿ ನುಡಿಸಿದ. ವೈದ್ಯನ ಕಿವಿಗೆ ಅದು ಜೇನುಹುಳದ ಗುಂಯ್ ಅಷ್ಟೆ.

ಮಗ್ಗದಲ್ಲಿ ಹಾಸಿನ ಎಳೆ ಹರಿದರೆ ನೇಕಾರನಿಗೆ ಕಣ್ಣು ಬೇಡ. ಸದ್ದು ಕೆಟ್ಟಿತೆಂದು ಕೈ ತಾನೇ ನಿಲ್ಲುತ್ತದೆ. ವೈದ್ಯನ ಪಕ್ಕದಲ್ಲಿ ಕೂತಿದ್ದ ನೇಕಾರ ಎರಡು ಕಡೆ ಕೈ ಎತ್ತಿದ. “ಇಲ್ಲಿ ಹರೀತು ಸ್ವಾಮಿ. ಇಲ್ಲೂ.”

ಮೊದಲನೆಯ ಕಡೆ ಗೆರೆಗಳು ಮುಳ್ಳಿನಂತೆ ಎದ್ದು ನಿಂತಿದ್ದವು. ರೋಗ ಸಿಕ್ಕಿತು, ಮದ್ದೂ ಸಿಕ್ಕಿತು. ಎರಡನೆಯ ಕಡೆ ಎಲ್ಲ ನೆಟ್ಟಗಿತ್ತು.

ವೈದ್ಯ ತಲೆ ಕೆರೆದುಕೊಂಡ. “ಇಲ್ಲೇನೂ ಇಲ್ಲವಲ್ಲಯ್ಯ. ಇದು ಸಂಜೆ ಆರು ಗಂಟೆಯದು.”

ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. “ಮಗ್ಗ ಬಿಟ್ಟು ಬಂದೆ ಅಂತ ಇವರು ಬೆಳಿಗ್ಗೆಯಿಂದ ಗೊಣಗ್ತಾ ಇದ್ರು. ಆರು ಗಂಟೆಗೆ ನನ್ನ ಕರೆದರು. ಕೇಳಿಸಿದರೂ ಕೇಳಿಸದ ಹಾಗೆ ಮಲಗಿದ್ದೆ.”

ಗಿರಿಮಲ್ಲ ತೊಡೆ ತಟ್ಟಿ ನಕ್ಕ. ಗುರುವನ್ನು ಸಿಕ್ಕಿಸಲು ಬಂದದ್ದು ಅವನಿಗೆ ಮರೆತೇಹೋಗಿತ್ತು. “ನೋಡಿ ಮತ್ತೆ ಗುರುಗಳೇ. ಗೆರೆಗೆ ಸಿಗದ ಮುನಿಸು ಗಂಡನ ಕಿವಿಗೆ ಸಿಕ್ಕಿತು. ಸದ್ದು ಸುಳ್ಳಾಡುವುದಿಲ್ಲ. ಆ ಎರಡನೆಯ ಎಳೆ ಪಟ್ಟೆಂದದ್ದು ನನಗೇ ಕೇಳಿಸಿದ ಹಾಗಾಯಿತು.”

“ಕತೆ ಮೊದಲನೆಯ ಎಳೆಗೇ ಮುಗಿದಿತ್ತು ಗಿರಿಮಲ್ಲ, ಎರಡನೆಯದನ್ನು ನಾನು ಈಗ ಕಟ್ಟಿ ಸೇರಿಸಿದೆ,” ಎಂದರು ಗುರುಗಳು, “ನಿನಗೆ ಕೇಳಿಸಿದ್ದು ಎಲ್ಲಿಯದು?”