ನೂರು ಕೇಳಿದರೆ ಸಾವಿರ

ನಾನು ಕಾನ್ವೆಂಟಿನಲ್ಲಿ ಓದಿದವಳು. ತಪ್ಪು ಮಾಡುವವರು ಬೇರೆಯವರು ಎಂದೇ ನಂಬಿದ್ದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆ ದಿನ ಜಿಲ್ಲಾ ಸ್ಪರ್ಧೆಗೆ ಒಬ್ಬ ಹುಡುಗಿಯನ್ನು ಆರಿಸಬೇಕಿತ್ತು. ಬೆಳಕು ಒಂದು ದಿನದಲ್ಲಿ ಎಷ್ಟು ಮೀಟರ್ ಹೋಗುತ್ತದೆ ಎಂಬುದು ಕೊನೆಯ ಪ್ರಶ್ನೆ. ವಿದ್ಯಾರ್ಥಿನಿ ಶಾಹಿದಾಳ ಉತ್ತರಕ್ಕಿಂತ ನನ್ನ ಫೋನಿನ ಕ್ಯಾಲ್ಕುಲೇಟರ್ ಕೊಟ್ಟ ಉತ್ತರ ಹತ್ತು ಪಟ್ಟು ದೊಡ್ಡದಿತ್ತು. ಇನ್ನೇನು ಯೋಚನೆ? "ಇವಳ ಹೆಸರು ಹೊಡೆದುಹಾಕು" ಎಂದು ಲ್ಯಾಬ್ ಅಟೆಂಡರ್ ಫಕೀರಪ್ಪನಿಗೆ ಅಪ್ಪಣೆ ಮಾಡಿದೆ. ಹುಡುಗಿ ಕಣ್ಣೊರೆಸಿಕೊಂಡಳು.

ನಾನು ಗುಂಡಿ ಒತ್ತಿದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದ ಫಕೀರಪ್ಪ ಪೆನ್ನು ತೆಗೆಯಲಿಲ್ಲ.

"ಹೊಡೀತೀನ್ರಿ ಮೇಡಂ. ಅದಕ್ಕೂ ಮೊದಲ ಈ ಪಟ್ಟಿಗೆ ಒಂದು ಸಹಿ ಹಾಕ್ರಿ. ಲ್ಯಾಬಿಗೆ ನೂರು ಟೆಸ್ಟ್ ಟ್ಯೂಬ್ ಬೇಕಾಗ್ಯಾವ. ನಿಮ್ಮ ರೀತಿಯೊಳಗ, ಒಂದು ಗುಣಿಸು ಹತ್ತರ ಘಾತ ಎರಡು ಅಂತ ಬರೆದೀನಿ. ಸರಿ ಐತೋ ಇಲ್ಲೋ, ಫೋನಿನಾಗ ಒತ್ತಿ ನೋಡ್ರಿ."

ಗತ್ತಿನಿಂದಲೇ ಒತ್ತಿದೆ. ಒಂದು, ಗುಣಿಸು, ಹತ್ತು, ಘಾತ ಹಾಕುವ ‘ಇ ಎಕ್ಸ್ ಪಿ’ ಗುಂಡಿ, ಎರಡು. ಸಾವಿರ ಬಂತು.

ಫಕೀರಪ್ಪ ಕೈಮುಗಿದ. "ನಾ ಕೇಳಿದ್ದು ನೂರ ರೀ. ಸಾವಿರ ಕೊಡಸ್ತೀರಂದ್ರ ಬ್ಯಾಡ ಅನ್ನೂದಿಲ್ಲ."

ನನ್ನ ಕಿವಿ ಬಿಸಿಯಾಯಿತು. ‘ಗುಣಿಸು ಹತ್ತು’ ಎಂಬುದು ಆ ಗುಂಡಿಯೊಳಗೇ ಇದೆ. ಅದರ ಮೇಲೆ ಬೆಳಕಿನ ಲೆಕ್ಕದಲ್ಲೂ ನಾನು ಹೀಗೇ ಇನ್ನೊಂದು ಹತ್ತು ಸೇರಿಸಿದ್ದೆ! ತೆಪ್ಪಗೆ ಶಾಹಿದಾಳ ಹೆಸರನ್ನೇ ಆರಿಸಿ ಸಹಿ ಹಾಕಿದೆ.

ಆದರೂ ಗದರಿಸದೆ ಇರಲಾಗಲಿಲ್ಲ. "ಇದನ್ನೆಲ್ಲ ನಿನಗೆ ಯಾರು ಕಲಿಸಿದರು?"

"ನೀವ ರೀ. ಹೋದ ವಾರ ಇದೇ ತಪ್ಪಿಗೆ ಇಡೀ ಕ್ಲಾಸನ್ನ ಒಂದು ತಾಸು ನಿಲ್ಲಿಸಿ ಬೈದ್ರಲ್ಲ? ನಾ ಬಾಗಿಲ ಹೊರಗ ನಿಂತು ಕಲಿತೆ."