ಹಿಂದಿರುಗದವರ ಉತ್ತರ

ಲೆಕ್ಕ ಕಲಿಯುತ್ತಿದ್ದ ಇಲಿಗೆ ದೊಡ್ಡ ಹೊಣೆ ಬಿತ್ತು. ನಾಳೆ ಮರಿಗಳು ಮೊದಲ ಸಲ ಉಗ್ರಾಣಕ್ಕೆ ಹೊರಡಬೇಕು; ಅಲ್ಲಿ ಬೆಕ್ಕಿದೆಯೇ ಎಂದು ತಿಳಿದು ಹೇಳಬೇಕು. ಅದು ಬಿಲದ ಬಾಯಲ್ಲಿ ಕೂತು, ಉಗ್ರಾಣದಿಂದ ಕಾಳು ಹೊತ್ತು ಬಂದ ನಲವತ್ತು ಮಂದಿಯನ್ನು ವಿಚಾರಿಸಿತು. "ಬೆಕ್ಕಾ? ಅದರ ಮೀಸೆಯೂ ಕಾಣಲಿಲ್ಲ," ಎಂದರು ಎಲ್ಲರೂ.

"ಗುರುಗಳೇ, ನಲವತ್ತಕ್ಕೆ ನಲವತ್ತು! ಮರಿಗಳನ್ನು ಧಾರಾಳವಾಗಿ ಕಳಿಸಬಹುದು," ಎಂದು ಅದು ಗುರುವಾದ ಮುದಿ ಹೆಗ್ಗಣಕ್ಕೆ ಒಪ್ಪಿಸಿತು.

"ಬೆಕ್ಕಿನ ಬಾಯಿಗೆ ಬಿದ್ದವನು ನಿನಗೆ ಉತ್ತರ ಹೇಳಲು ಬರುತ್ತಾನೇನಯ್ಯ?"

ಇಲಿಯ ಮುಖ ಸಣ್ಣದಾಯಿತು. "ಇನ್ನೂ ನೂರು ಜನರನ್ನು ಕೇಳಲೇ?"

"ಅಲ್ಲೇ ಕೂತು ಸಾವಿರ ಜನರನ್ನು ಕೇಳಿದರೂ ತಪ್ಪು ತಪ್ಪೇ. ಹೊರಟವರೆಷ್ಟು ಎಂದು ಮನೆಮನೆಗೆ ಹೋಗಿ ಕೇಳು."

ಇಲಿ ಹೋಗಿ ಕೇಳಿತು. ಹೊರಟವರು ಐವತ್ತಮೂರು; ಹದಿಮೂರು ಮಂದಿ ಬಂದಿರಲಿಲ್ಲ. ಕೊನೆಯ ಮನೆಯ ಮುದುಕಿ, "ನನ್ನ ಮಗ ಮೊನ್ನೆ ಹೋದ. ತಡವಾಗಿದೆ, ಅಷ್ಟೇ," ಎಂದಳು.

ಇಲಿ ನೇರವಾಗಿ ಹೋಗಿ ಬಿಲದ ಬಾಯಿಗೆ ಮಣ್ಣು ತಳ್ಳತೊಡಗಿತು. ಮುದುಕಿ ಓಡಿಬಂದು, "ಅಯ್ಯೋ, ನನ್ನ ಮಗ ಯಾವ ದಾರಿಯಲ್ಲಿ ಬರಬೇಕಪ್ಪ?" ಎಂದಳು.

ಇಲಿ ತಲೆಯೆತ್ತಲಿಲ್ಲ, ಮಣ್ಣು ತಳ್ಳುವುದನ್ನು ನಿಲ್ಲಿಸಲೂ ಇಲ್ಲ.