ಪಂಪವ್ವನ ಸುತ್ತು

ಉಸುಕಿನಹಾಳಿನ ಕೆರೆಯ ಪಡುವಣ ದಡದಲ್ಲಿ ಈಗ ಉದ್ಯಾನವಾಗಿದೆ. ರಜೆಯ ದಿನ ಬಳ್ಳಾರಿಯ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ದಡದ ಮರಳಿನಲ್ಲಿ ಮಕ್ಕಳನ್ನು ಆಡಲು ಬಿಡುತ್ತಾರೆ, ದಿಬ್ಬಗಳ ಎದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೀರು ದೊಡ್ಡ ಮರಳುದಿಬ್ಬದ ಆಚೆಗೇ ಇದೆ. ಆದರೂ ಬಾಗಿಲಿನಿಂದ ಹೊರಟ ಕಾಲುದಾರಿ ನೆಟ್ಟಗೆ ಹೋಗದೆ, ಮುನಿಸಿಕೊಂಡ ನೆಂಟನಂತೆ ದಿಬ್ಬವನ್ನೆಲ್ಲ ಬಳಸಿ, ಲಕ್ಕಿ ಗಿಡಗಳ ನಡುವೆ ಹಾಯ್ದು ಕೆರೆ ಸೇರುತ್ತದೆ. ಹೊಸಬರು ಬೆವರು ಒರೆಸಿಕೊಳ್ಳುತ್ತ ದಾರಿ ಮಾಡಿದವರನ್ನು ಬೈಯುವುದುಂಟು. ಫಲಕದಲ್ಲಿ ‘ಪಂಪವ್ವನ ಸುತ್ತು’ ಎಂದಿದೆ. ಪಂಪವ್ವ ಯಾರೆಂದು ಬರೆದಿಲ್ಲ.

ಹಿಂದೆ ಒಮ್ಮೆ ಈ ಊರಿನ ಗೌಡಿಕೆ ಗಾದಿಲಿಂಗನಗೌಡನದಾಗಿತ್ತು. ಪಂಪವ್ವ ಅವನ ತಾಯಿ. ಮದುವೆಯಾಗಿ ಬಂದಂದಿನಿಂದ ಅವಳದೊಂದು ನೇಮ: ಬೆಳಗ್ಗೆ ಕೆರೆಗೆ ಹೋಗಿ ದಡದ ಗಂಗಮ್ಮನ ಕಲ್ಲಿಗೆ ನೀರೆರೆಯದೆ ತಾನು ಹನಿ ನೀರು ಮುಟ್ಟುತ್ತಿರಲಿಲ್ಲ. ವಯಸ್ಸಾಗಿ ಮೊಣಕಾಲು ಹಿಡಿದಾಗ ಮಗನಿಗೆ ನೋಡಲಾಗಲಿಲ್ಲ. ಆಳುಗಳನ್ನು ಹಚ್ಚಿ, ದಿಬ್ಬದ ಮೇಲಿನ ಲಕ್ಕಿಯನ್ನು ಬೇರುಸಹಿತ ಕೀಳಿಸಿ, ನಡುವೆ ನೆಟ್ಟಗೆ ದಾರಿ ಕಡಿಸಿದ. ತಾಯಿಯ ಹೆಸರಲ್ಲಿ ಆದ ದಾರಿಯಲ್ಲಿ ಊರೇ ನಡೆಯತೊಡಗಿತು. ಸುಖ ಯಾರಿಗೆ ಬೇಡ?

ಆಷಾಢದ ಗಾಳಿ ಎದ್ದಿತು. ಕೆರೆಯ ತೂಬಿನ ಬಾಯಿಗೆ ಮರಳು ತುಂಬಿತು. ನೀರುಗಂಟಿ ಹುಲುಗಪ್ಪ ಹಗಲೆಲ್ಲ ತೋಡಿದರೆ ಬೆಳಗಾಗುವುದರಲ್ಲಿ ಮತ್ತೆ ಅಷ್ಟೇ ಮರಳು. ಏರಿಯ ಕೆಳಗೆ ಭತ್ತದ ಸಸಿ ಕೆಂಪಾಗತೊಡಗಿತು. ಗಂಗಮ್ಮ ಮುನಿದಿದ್ದಾಳೆಂದು ಊರವರು ಕುರಿ ಹರಕೆ ಹೊತ್ತರು. ನಿಜ ಊಹಿಸಿದವರೂ ಇದ್ದರು. ಆದರೆ ಗೌಡರ ತಾಯಿಯ ದಾರಿ, ಬೆಕ್ಕಿಗೆ ಗಂಟೆ ಕಟ್ಟುವವರಾರು?

ಒಂದು ಬೆಳಗ್ಗೆ ಪಂಪವ್ವ ದಿಬ್ಬದ ನೆತ್ತಿಯಲ್ಲಿ ಸುಧಾರಿಸಿಕೊಳ್ಳಲು ಕುಳಿತಳು. ಎರಡು ಕಡೆ ಲಕ್ಕಿಯ ಬುಡದಲ್ಲಿ ಮರಳು ಅಲುಗದೆ ಮಲಗಿತ್ತು. ತನ್ನ ದಾರಿಯಲ್ಲಿ ಮಾತ್ರ, ತನ್ನ ಪಾದಗಳ ನಡುವೆಯೇ, ಅದು ಹರಿದು ಹೋಗುತ್ತಿತ್ತು. ಹೋದತ್ತ ನೋಡಿದಳು. ಕೆಳಗೆ ಹುಲುಗಪ್ಪ ಸೊಂಟದವರೆಗೆ ಇಳಿದು ತೂಬಿನ ಬಾಯಿ ತೋಡುತ್ತಿದ್ದ. ಅವಳಿಗೆ ಅನ್ನದ ತಟ್ಟೆಯಲ್ಲಿ ಮಣ್ಣು ಕಂಡಷ್ಟು ಸಂಕಟವಾಯಿತು. ತನ್ನ ಮೊಣಕಾಲಿಗಾಗಿ ಊರಿನ ಕೆರೆ ಹೂತುಹೋಗುತ್ತಿದೆಯಲ್ಲ ಎಂದು ನಾಚಿದಳು. ಮನೆಗೆ ಬಂದವಳೇ ಮಗನನ್ನು ಕರೆದಳು.

“ನೀ ಮಾಡ್ಸಿದ ದಾರಿ ಕೆರಿಗೆ ಉಸುಕು ಹೊರಾಕ ಹತ್ತೈತಿ, ಮಗನ. ಅದನ್ನ ಮುಚ್ಚಸು.”

ಗೌಡ ಒಪ್ಪಲಿಲ್ಲ. ಸುತ್ತಿ ಹೋದರೆ ನೀನು ಉಳಿಯುವುದಿಲ್ಲ ಎಂದ. ನೇಮವನ್ನಾದರೂ ಬಿಡು ಎಂದ. ಅವಳು ಎರಡಕ್ಕೂ ಬಗ್ಗಲಿಲ್ಲ. ಕೊನೆಗೆ ದಾರಿಗೆ ಮುಳ್ಳು ಬಡಿಸಿ ಲಕ್ಕಿಯ ಕಡ್ಡಿ ನೆಡಿಸಿದ. ಆದರೆ ರೂಢಿ ಬಿದ್ದ ಕಾಲು ಮುಳ್ಳಿಗೆ ಹೆದರೀತೇ? ಜನ ಮುಳ್ಳು ಸರಿಸಿ ನಡೆದರು. ಆಗ ಪಂಪವ್ವ ಕೋಲೂರಿಕೊಂಡು ದಿಬ್ಬ ಬಳಸಿ ಹೊರಟಳು. ಕೋಳಿ ಕೂಗಿದಾಗ ಹೊರಟವಳು ನೀರು ಮುಟ್ಟುವಾಗ ಬಿಸಿಲೇರಿರುತ್ತಿತ್ತು. ಮುದುಕಿ ಬಾಯಾರಿ ಸುತ್ತುತ್ತಿರುವಾಗ ನೆಟ್ಟಗೆ ಹೋಗಲು ಕೊಡ ಹೊತ್ತ ಹೆಂಗಸರಿಗೆ ಮನಸ್ಸಾಗಲಿಲ್ಲ. ಒಬ್ಬೊಬ್ಬರೇ ಅವಳ ಹಿಂದೆ ನಡೆದರು. ಹಿರಿಯರನ್ನು ದಾಟಿ ಮುಂದೆ ಹೋಗುವ ಪದ್ಧತಿ ಆ ಊರಲ್ಲಿರಲಿಲ್ಲವಾದ್ದರಿಂದ ಊರಿನ ನೀರೆಲ್ಲ ಪಂಪವ್ವನ ನಡಿಗೆಯಲ್ಲೇ ಬರತೊಡಗಿತು. ಗಂಡಸರು ರೊಟ್ಟಿ ತಡವೆಂದು ಗೊಣಗಿದರು, ತಿಂದು ಸುಮ್ಮನಾದರು.

ಮರುವರ್ಷದ ಆಷಾಢಕ್ಕೆ ಲಕ್ಕಿ ಬೇರೂರಿ ಚಿಗುರಿತ್ತು, ತೂಬು ಉಸಿರಾಡುತ್ತಿತ್ತು. ಆಗಲೇ ಒಂದು ದಿನ ಪಂಪವ್ವ ಸುತ್ತುದಾರಿಯ ನಡುವಿನ ಹಾಸುಗಲ್ಲಿನ ಮೇಲೆ ಕುಳಿತವಳು ಏಳಲಾರದೆ ಹೋದಳು. ಹೆಂಗಸರು ಕೂಗಿ ಗೌಡನನ್ನು ಕರೆಸಿದರು. ಮನೆಯ ನೀರು ತಂದ. ತುಟಿ ಒಣಗಿ ಒಡೆದಿದ್ದರೂ ನೇಮ ಮುಗಿಯದೆ ಅವಳು ಕುಡಿಯಲಿಲ್ಲ. ಅವನು ಚೆಂಬು ಹಿಡಿದು ಕೆರೆಗೆ ಹೊರಟ. ಆ ಕಲ್ಲಿನಿಂದ ಮುಚ್ಚಿಸಿದ ನೇರ ದಾರಿಯ ಬಾಯಿ ಕಾಣುತ್ತದೆ. ಎಳೆಯ ಗಿಡಗಳನ್ನು ತುಳಿದು ಹಾಯ್ದರೆ ನೀರು ಕೂಗಳತೆಯಲ್ಲಿತ್ತು. ಮಗ ಅತ್ತ ತಿರುಗಿ ನಿಂತದ್ದನ್ನು ಕಂಡು ಪಂಪವ್ವ ಕಣ್ಣು ಮುಚ್ಚಿಕೊಂಡಳು. ಮುಂದಿನದನ್ನು ನೋಡಲು ಅವಳಿಗೆ ಭಯವಾಯಿತು ಎನ್ನುತ್ತಾರೆ.

ಬಹಳ ಹೊತ್ತಿನ ಮೇಲೆ ಏದುಸಿರು ಬಿಡುತ್ತ ಅವನು ಬಂದು ಚೆಂಬನ್ನು ತುಟಿಗೆ ಹಿಡಿದ. ಅವಳು ಕೈಯಿಂದ ತಡೆದಳು.

“ಯಾವ ದಾರಿಗುಂಟ ಬಂದಿ?”

“ಸುತ್ತಿ ಬಂದೀನವ್ವ.”

ಅವನ ಧೋತರದ ಅಂಚಿಗೆ ಲಕ್ಕಿಯ ಎಲೆ ಸಿಕ್ಕಿಕೊಂಡಿತ್ತು. ಲಕ್ಕಿ ಎರಡೂ ದಾರಿಯಲ್ಲಿತ್ತು. ಪಂಪವ್ವ ಮೊದಲು ತಾನು ಕುಳಿತ ಕಲ್ಲಿಗೇ ನೀರೆರೆದು, ಆಮೇಲೆ ಕುಡಿದಳು. ಮಗನ ತೋಳಿನಲ್ಲಿಯೇ ಪ್ರಾಣ ಬಿಟ್ಟಳು.

ದಿಬ್ಬದ ನಡುವೆ ಒಂದು ತಗ್ಗು, ಅದರ ತುಂಬ ಒತ್ತಾಗಿ ಬೆಳೆದ ಲಕ್ಕಿ ಇಂದಿಗೂ ಕಾಣುತ್ತದೆ. ಸುತ್ತುದಾರಿಯ ಹಾಸುಗಲ್ಲೂ ಇದೆ. ಎಂಥ ಬಿಸಿಲಿನಲ್ಲೂ ಅದು ಒದ್ದೆ. ಹೋಗಿಬರುವವರು ಬಾಟಲಿಯ ನೀರನ್ನು ಅದರ ಮೇಲೆ ಸುರಿದು ತಾವು ಕುಡಿಯುತ್ತಾರೆ. ಅಲ್ಲಿ ಕೊಡ ಇಳಿಸಿ ಕೂರುವ ಊರ ಹೆಂಗಸರು ಹೊಸಬರನ್ನು ಕಂಡರೆ ಊರು, ಹೆಸರು ಕೇಳುವುದಿಲ್ಲ. ಯಾವ ದಾರಿಗುಂಟ ಬಂದ್ರಿ ಎಂದು ಕೇಳುತ್ತಾರೆ. ಸುತ್ತಿ ಬಂದೆವು ಎಂದರೆ ಸರಿದು ಜಾಗ ಕೊಡುತ್ತಾರೆ.